ಮಾಳಿಗೆ ಮೇಲಿನ ಸೌತೆ: ಹೂ ತುಂಬಾ ಇದೆ, ಮಿಡಿ ಮಾತ್ರ ಹೆಬ್ಬೆರಳು ಗಾತ್ರಕ್ಕೇ ಹಳದಿಯಾಗಿ ಉದುರ್ತಿದೆ

ಮಾಳಿಗೆ ತೋಟ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ವಿವರ ಪೂರ್ತಿ ಕೊಡ್ತೀನಿ, ಅರ್ಧಂಬರ್ಧ ಕೇಳಿದರೆ ಉತ್ತರವೂ ಹಾಗೇ ಬರುತ್ತೆ.

ಎರಡನೇ ಮಹಡಿ ಮೇಲಿನ ಮಾಳಿಗೆ. ಬೆಳಗ್ಗೆ ಏಳರಿಂದ ಸಂಜೆ ಐದೂವರೆವರೆಗೂ ಬಿಸಿಲು, ನೆರಳಿಗೆ ಏನೂ ಇಲ್ಲ. 12×12 ಇಂಚಿನ ಗ್ರೋಬ್ಯಾಗ್ ಆರು, ಒಂದೊಂದರಲ್ಲಿ ಎರಡೆರಡು ಬಳ್ಳಿ. ಕೆಂಪುಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ ಮೂರೂ ಸಮ ಹಾಕಿದ್ದು. ಬೀಜ ಅಂಗಡಿಯ ಸಾಮಾನ್ಯ ಹಸಿರು ಸೌತೆ, ಹೈಬ್ರಿಡ್ ಅಲ್ಲ. ಸಂಕ್ರಾಂತಿ ಆದಮೇಲೆ ಬಿತ್ತಿದ್ದು, ಈಗ ಶಿವರಾತ್ರಿ ಕಳೆದಿದೆ. ನೈಲಾನ್ ಬಲೆ ಆರಡಿ ಎತ್ತರಕ್ಕೆ ಕಟ್ಟಿದೆ, ಬಳ್ಳಿ ತುದಿ ಮುಟ್ಟಿವೆ.

ನೀರು ಬೋರಿಂದು. ಬೆಳಗ್ಗೆ ಒಂದು ಹೊತ್ತು, ಬ್ಯಾಗಿಗೆ ಒಂದೂವರೆ ಲೀಟರ್ ಹತ್ತಿರ. ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋ ಗೊಬ್ಬರ) ಲೀಟರಿಗೆ 5 ಗ್ರಾಂ. ಬೇವಿನೆಣ್ಣೆ ವಾರಕ್ಕೆರಡು ಸಲ, ಬೆಳಗ್ಗೆ ಎಂಟು ಗಂಟೆ ಸುಮಾರಿಗೆ.

ತೊಂದರೆ ಏನಂದ್ರೆ: ಗಂಡು ಹೂ ರಾಶಿ ರಾಶಿ, ಹೆಣ್ಣು ಹೂ ಕಮ್ಮಿ. ಬಂದ ಹೆಣ್ಣು ಹೂವಿನ ಮಿಡಿ ಹೆಬ್ಬೆರಳು ಗಾತ್ರ ಆಗ್ತಿದ್ದ ಹಾಗೆ ಹಳದಿಯಾಗಿ ಮುದುಡುತ್ತೆ. ಉಳಿದಿದ್ದು ಕುಡುಗೋಲಿನ ಥರ ಸೊಟ್ಟ, ಹೂವಿನ ತುದಿ ಸಣ್ಣ, ತಿಂದರೆ ಕಹಿ. ಹಳೇ ಎಲೆಗಳ ಅಂಚು ಕಂದಾಗಿ ಒಣಗ್ತಿದೆ. ಏಳನೇ ಬ್ಯಾಗಿನಲ್ಲಿ ಹಾಗಲ ಇದೆ, ಪಕ್ಕದ ಮನೆ ಅಜ್ಜಿ "ಹಾಗಲದ ಗಾಳಿ ಬಡಿದು ಕಹಿ ಆಗೇತಿ, ಅದನ್ನ ಕಿತ್ತಾಕವ್ವ" ಅಂತಾರೆ. ಔಷಧಿ ಅಂಗಡಿಯವರು ಬೋರಾನ್ ಹೊಡೀರಿ ಅಂದ್ರು. ವಿಡಿಯೋದಲ್ಲಿ ನೋಡಿದರೆ 3ಜಿ ಕಟಿಂಗ್ (ಕುಡಿ ಚಿವುಟಿ ಚಿವುಟಿ ಮೂರನೇ ತಲೆಮಾರಿನ ಕವಲು ಬರಿಸೋದು) ಮಾಡಿ ಅಂತಾರೆ. ಯಾವುದನ್ನ ಮಾಡಲಿ?


ಹಿತ್ತಲ ಬಳ್ಳಿ, ಹರಿಹರ

ಮೂರನ್ನೂ ಸದ್ಯಕ್ಕೆ ಬಿಡ್ರಿ ಮೇಡಂ. ಮೊದಲು ಉದುರಿದ ಮಿಡಿ ಒಂದು ನಾಕು ಆರಿಸಿಕೊಂಡು ಚಾಕುವಿನಾಗ ಉದ್ದಕ್ಕೆ ಸೀಳಿ ನೋಡ್ರಿ.

ಒಳಗ ಹುಳ ಇಲ್ಲ, ಮೇಲೆ ತೂತಿಲ್ಲ, ಹಳದಿ ಹೂವಿನ ತುದಿಯಿಂದ ಶುರುವಾಗಿ ತೊಟ್ಟಿನ ಕಡೆ ಏರೈತಿ ಅಂದ್ರ ಪರಾಗ ಸೇರಿಲ್ಲ. ಸೂಜಿ ಚುಚ್ಚಿದಂಥ ಗುರುತು, ಅಲ್ಲೊಂದು ಅಂಟು ಹನಿ, ಅದೇ ಜಾಗದಾಗ ಕಾಯಿ ಒಳಕ್ಕ ಬಾಗೈತಿ, ಸೀಳಿದ್ರ ಅಕ್ಕಿಕಾಳಿಗಿಂತ ಸಣ್ಣ ಬಿಳಿ ಹುಳ ಕಾಣ್ತಾವ ಅಂದ್ರ ಹಣ್ಣುನೊಣ. ಇವೆರಡಕ್ಕೂ ಮಾಡೋ ಕೆಲಸ ಬೇರೆ ಬೇರೆ. ಗೊತ್ತಿಲ್ಲದ ಔಷಧಿ ಹೊಡೆದ್ರ ಬರೋ ಎರಡು ಜೇನೂ ಬರೋದಿಲ್ಲ.

ನೀವು ಹೇಳಿದ ಲಕ್ಷಣ ನೋಡಿದ್ರ ಮೊದಲನೇದೇ ಇರಬೇಕು. ಸೌತೆಯ ಹೆಣ್ಣು ಹೂ ಅರಳಿರೋದು ಒಂದೇ ದಿನ. ಬೆಳಗಿನ ತಂಪಿನಾಗ ಜೇನು ಹತ್ತಾರು ಸಲ ಕುಂತು ಎದ್ದರ ಮಾತ್ರ ಕಾಯಿ ನೆಟ್ಟಗ ತುಂಬತೈತಿ. ನೀವು ಬೆಳಗ್ಗೆ ಎಂಟಕ್ಕ ಬೇವಿನೆಣ್ಣೆ ಹೊಡೀತೀರಿ, ಅಂದ್ರ ಜೇನು ಬರೋ ಹೊತ್ತಿಗೇ ಹೂವಿನ ಮ್ಯಾಲೆ ಎಣ್ಣೆ. ಅದನ್ನ ಸಂಜೆ ಆರಕ್ಕ ಹಾಕ್ರಿ, ಲೀಟರಿಗೆ 3 ಮಿಲಿ ಸಾಕು, 1 ಮಿಲಿ ಸೋಪಿನ ದ್ರಾವಣ ಕೂಡಿಸಿ. ಹುಳ ಕಂಡರ ಮಾತ್ರ. ವಾರಕ್ಕೆರಡು ಸಲ ಪೂಜೆ ಮಾಡಿದಂಗ ಹೊಡಿಯೋದು ಬ್ಯಾಡ.

ಕೈಯಿಂದ ಪರಾಗ ಮುಟ್ಟಿಸೋದು ಹೀಂಗ. ಬೆಳಗ್ಗೆ ಆರೂವರೆಯಿಂದ ಒಂಬತ್ತರ ಒಳಗ ಮುಗೀಬೇಕು. ಬಿಸಿಲು 35 ಡಿಗ್ರಿ ದಾಟಿದ ಮ್ಯಾಲೆ ಪರಾಗಕ್ಕ ಕಸುವು ಇರೋದಿಲ್ಲ. ಅವತ್ತೇ ಅರಳಿದ ಗಂಡು ಹೂ ಕಿತ್ತುಕೋರಿ. ಅದರ ತೊಟ್ಟು ದಾರದಂಗ ಸಣ್ಣಗಿರ್ತೈತಿ. ಹೆಣ್ಣು ಹೂವಿಗೆ ಬುಡದಾಗ ಮುಳ್ಳುಮುಳ್ಳಾದ ಪುಟ್ಟ ಮಿಡಿ ಇರ್ತೈತಿ. ಗಂಡು ಹೂವಿನ ಎಸಳು ಪೂರ್ತಿ ಹರಿದು ನಡುವಿನ ಹಳದಿ ಕಡ್ಡಿ ಮಾತ್ರ ಉಳಿಸ್ರಿ. ಉಗುರಿಗೆ ಒತ್ತಿದ್ರ ಅರಿಶಿಣದಂಥ ಪುಡಿ ಹತ್ತಬೇಕು. ಹತ್ತಲಿಲ್ಲ ಅಂದ್ರ ಇನ್ನೊಂದು ಹೂ ತಗೋರಿ. ಹೆಣ್ಣು ಹೂವಿನ ನಡುವ ಮೂರು ಹೋಳಿನ ಗಂಟು ಕಾಣ್ತೈತಿ, ಆ ಮೂರೂ ಹೋಳಿಗೆ ಮೆಲ್ಲಕ ಸವರ್ರಿ. ಒಂದೇ ಹೋಳಿಗೆ ಮುಟ್ಟಿದ್ರ ಒಂದು ಕಡೆ ಬೀಜ ಕಟ್ಟಿ ಇನ್ನೊಂದು ಕಡೆ ಖಾಲಿ ಉಳೀತೈತಿ, ಆವಾಗ ಕಾಯಿ ಸೊಟ್ಟ. ನಿಮ್ಮ ಕುಡುಗೋಲಿಗೆ ಇದೂ ಒಂದು ಕಾರಣ. ಒಂದು ಗಂಡು ಹೂ ಎರಡು ಹೆಣ್ಣಿಗೆ ಸಾಕಾಗ್ತೈತಿ.

ಮುಟ್ಟಿಸಿದ ಹೂವಿನ ತೊಟ್ಟಿಗೆ ಬಣ್ಣದ ದಾರ ಸಡಿಲಾಗಿ ಕಟ್ಟಿ ಬಿಡ್ರಿ. ಕಾಯಿ ಕಟ್ಟಿಕೊಂಡಿದ್ರ ಎರಡು ಮೂರು ದಿನದಾಗ ಮಿಡಿ ನೆಲದ ಕಡೆ ಬಾಗಿ ಮಿಂಚತೈತಿ, ಹೂ ಒಣಗಿ ತುದಿಗೆ ಅಂಟಿಕೊಂಡಿರ್ತೈತಿ. ಇಲ್ಲಂದ್ರ ಅಷ್ಟರಾಗ ತುದಿ ಹಳದಿ.

3ಜಿ ಕಟಿಂಗ್ ವಿಚಾರ. ನಿಮ್ಮಂಥ ನಾಟಿ ಬೀಜದಾಗ ನಡುಕಾಂಡಕ್ಕ ಗಂಡು ಹೂ ಜಾಸ್ತಿ, ಪಕ್ಕದ ಕವಲಿಗೆ ಹೆಣ್ಣು ಹೂ ಜಾಸ್ತಿ, ಅದು ಖರೆ. ಆದ್ರ ಇಷ್ಟು ಸಣ್ಣ ಬ್ಯಾಗಿನಾಗ ಕವಲಿಗೆ ಕವಲು, ಅದಕ್ಕ ಮತ್ತ ಕವಲು ಅಂತ ಹೋದ್ರ ಎಲೆ ಪೊದೆ ಆಗ್ತೈತಿ, ನೀರು ಸಾಲೋದಿಲ್ಲ. ಬುಡದಿಂದ ನಾಕೈದು ಗಿಣ್ಣಿನ ತನಕ ಕವಲು, ಹೂ ಎಲ್ಲಾ ತೆಗೀರಿ. ಬಳ್ಳಿ ಬಲೆ ತುದಿ ಮುಟ್ಟೈತಲ್ಲ, ಈಗ ನಡುಕುಡಿ ಚಿವುಟ್ರಿ. ಮ್ಯಾಲಿನ ಕವಲಿನಾಗ ಮೊದಲ ಹೆಣ್ಣು ಹೂ ಕಂಡ ಮ್ಯಾಲೆ ಎರಡು ಎಲೆ ಬಿಟ್ಟು ಅದರ ಕುಡಿಯೂ ಚಿವುಟ್ರಿ. ಅಷ್ಟೇ.


ಬೋರಿನ ನೀರು, ಜಗಳೂರು

ಹರಿಹರದವರು ಹೇಳಿದ್ದು ಸರಿ, ಆದರೆ ನಾನು ಕ್ರಮ ಬದಲಿಸುತ್ತೇನೆ. ಮೊದಲು ನೀರು, ಆಮೇಲೆ ಪರಾಗ. ನೀರಿಲ್ಲದ ಬಳ್ಳಿಗೆ ಎಷ್ಟೇ ಪರಾಗ ಮುಟ್ಟಿಸಿದರೂ ಕಟ್ಟಿದ ಮಿಡಿಯನ್ನು ಅದೇ ಉದುರಿಸುತ್ತದೆ.

ಲೆಕ್ಕ ಹಾಕಿ. ಅಡ್ಡ 12, ಎತ್ತರ 12 ಇಂಚಿನ ಬ್ಯಾಗಿಗೆ 22 ಲೀಟರ್ ಹಿಡಿಯುತ್ತದೆ. ಮೇಲೆ ಎರಡು ಇಂಚು ಬಿಟ್ಟರೆ ಮಣ್ಣು ಸುಮಾರು 18 ಲೀಟರ್. ಅಷ್ಟು ಮಣ್ಣಿನಲ್ಲಿ ಬೇರು ಹೀರಬಹುದಾದ ನೀರು ನಾಲ್ಕೈದು ಲೀಟರ್ ಇದ್ದರೆ ಹೆಚ್ಚು. ಆರಡಿ ಬೆಳೆದು ಕಾಯಿ ಹೊತ್ತ ಒಂದು ಬಳ್ಳಿ ನಮ್ಮ ಕಡೆಯ ಮಾರ್ಚ್ ಬಿಸಿಲಿಗೆ ದಿನಕ್ಕೆ 2ರಿಂದ 3 ಲೀಟರ್ ಕುಡಿಯುತ್ತದೆ. ಬಳ್ಳಿ ಎರಡು. ನೀವು ಕೊಡುತ್ತಿರುವುದು ಒಂದೂವರೆ ಲೀಟರ್, ಅದೂ ಒಂದೇ ಹೊತ್ತು. ಮಧ್ಯಾಹ್ನ ಎರಡು ಗಂಟೆಗೆ ಮಾಳಿಗೆಗೆ ಹೋಗಿ ಬ್ಯಾಗಿನ ಮಣ್ಣಿಗೆ ಬೆರಳು ಎರಡು ಗಿಣ್ಣು ಇಳಿಸಿ ನೋಡಿ, ಒಣಗಿರುತ್ತದೆ. ಎಲೆ ಸಂಜೆ ಮತ್ತೆ ನೆಟ್ಟಗಾಗುವುದರಿಂದ "ಚೆನ್ನಾಗಿದೆ" ಅನಿಸುತ್ತದೆ. ಅಷ್ಟರಲ್ಲಿ ಮಿಡಿಗೆ ಪೆಟ್ಟು ಬಿದ್ದಿರುತ್ತದೆ.

ಹಾಗಾಗಿ ಬ್ಯಾಗಿಗೆ ಒಂದೇ ಬಳ್ಳಿ ಉಳಿಸಿ. ಬೆಳಗ್ಗೆ ಏಳರೊಳಗೆ 2 ಲೀಟರ್, ಸಂಜೆ ಐದರ ಮೇಲೆ 1 ಲೀಟರ್. ಬುಡದ ತೂತಿನಿಂದ ಸ್ವಲ್ಪ ನೀರು ಹೊರಬರುವಷ್ಟು ಹಾಕಬೇಕು. ಮಣ್ಣಿನ ಮೇಲೆ ಎರಡು ಇಂಚು ಮುಚ್ಚಿಗೆ: ಶೇಂಗಾ ಸಿಪ್ಪೆ, ಭತ್ತದ ಹುಲ್ಲು, ಯಾವುದಾದರೂ ಆದೀತು. ದಾವಣಗೆರೆಯಲ್ಲಿ ಭತ್ತದ ಹೊಟ್ಟಿಗೆ ಬರವಿಲ್ಲ, ಆದರೆ ಅದು ಮಾಳಿಗೆ ಗಾಳಿಗೆ ಹಾರಿ ಪಕ್ಕದ ಮನೆಯವರ ಬಟ್ಟೆ ಮೇಲೆ ಕೂರುತ್ತದೆ, ಹುಲ್ಲೇ ವಾಸಿ. ಬ್ಯಾಗನ್ನು ಕಾಂಕ್ರೀಟಿನ ಮೇಲೆ ನೇರ ಇಡದೆ ಎರಡು ಇಟ್ಟಿಗೆ ಮೇಲೆ ಇಡಿ. ಬಿಸಿಲು ಬೀಳುವ ಪಕ್ಕಕ್ಕೆ ಒದ್ದೆ ಗೋಣಿಚೀಲ ಸುತ್ತಿ. ಸೌತೆಯ ಬೇರು ಮೇಲ್ಪದರದಲ್ಲೇ ಹರಡುವುದು, ಬ್ಯಾಗಿನ ಗೋಡೆಗೆ ಅಂಟಿಕೊಂಡಿರುವುದು ಬಿಸಿಗೆ ಬೆಂದೇ ಹೋಗುತ್ತದೆ.

ಎಲೆ ಅಂಚು ಒಣಗುವುದಕ್ಕೆ ಉಪ್ಪು ಕಾರಣ ಅಂತ ಬಲವಾದ ಅನುಮಾನ. ಬ್ಯಾಗಿನ ಅಂಚಿಗೆ, ತೂತಿನ ಸುತ್ತ ಬಿಳಿ ಪೊರೆ ಕಟ್ಟಿದೆಯಾ ನೋಡಿ. ಸೌತೆ ಉಪ್ಪು ತಡೆಯುವ ಬೆಳೆಯಲ್ಲ. ನೀರಿನ ಇಸಿ (ಕರಗಿದ ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ) 1.7 ಡೆಸಿಸೀಮನ್ಸ್/ಮೀಟರ್ ದಾಟಿದರೆ ಇಳುವರಿ ಇಳಿಯಲು ಶುರು. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರಿನಲ್ಲಿ ಅದು ಮೀಟರಿಗೆ ತಕ್ಕಂತೆ 850ರಿಂದ 1100ರ ಆಸುಪಾಸು ತೋರಿಸುತ್ತದೆ. ನಮ್ಮ ಜಗಳೂರು ಕಡೆಯ ಎಷ್ಟೋ ಬೋರುಗಳು ಇದಕ್ಕಿಂತ ಮೇಲೇ ಇವೆ, ಫ್ಲೋರೈಡ್ ಕಾಟ ಬೇರೆ. ಅದರ ಮೇಲೆ ನೀವು ವಾರ ವಾರ 19:19:19 ಹಾಕಿದ್ದೀರಿ, ಅದೂ ಉಪ್ಪೇ. ತೂತಿನಿಂದ ಹೊರಬರುವಷ್ಟು ನೀರು ಎಂದೂ ಹಾಕಿಲ್ಲವಾದ್ದರಿಂದ ಹಾಕಿದ್ದೆಲ್ಲ ಒಳಗೇ ಕೂತಿದೆ.

ದಾವಣಗೆರೆಯಲ್ಲಿ ನಲ್ಲಿ ನೀರು ಬರುತ್ತದಲ್ಲ, ತುಂಗಭದ್ರೆಯದು ಅಥವಾ ಭದ್ರಾ ನಾಲೆಯದು, ಅದನ್ನು ಹಿಡಿದಿಟ್ಟು ಬೋರಿನ ನೀರಿಗೆ ಅರ್ಧಕ್ಕರ್ಧ ಬೆರೆಸಿ. ತಿಂಗಳಿಗೊಮ್ಮೆ, ಈಗ ಕೂಡಲೇ ಒಂದು ಸಲ, ಬ್ಯಾಗಿಗೆ 35 ಲೀಟರ್ ನಲ್ಲಿ ನೀರನ್ನು ನಿಧಾನವಾಗಿ, ಅರ್ಧರ್ಧ ಗಂಟೆ ಬಿಟ್ಟು ನಾಲ್ಕು ಕಂತಿನಲ್ಲಿ ಹಾಕಿ ಉಪ್ಪು ತೊಳೆಯಿರಿ. ಬೆಳಗ್ಗೆ ಮಾಡಿ, ಮಾಳಿಗೆಯ ನೀರು ಹೋಗುವ ಕೊಳವೆ ಕಟ್ಟಿಲ್ಲ ಅಂತ ಖಾತ್ರಿ ಮಾಡಿಕೊಂಡು. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಗಿಡಕ್ಕೆ ಹಾಕಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಸಾಫ್ಟನರ್ ಹಾಕಿದ ನೀರೂ ಬೇಡ. ಸುಣ್ಣದ ಬದಲು ಸೋಡಿಯಂ ಬಂದಿರುತ್ತದೆ, ಅದು ಇನ್ನೂ ಕೆಟ್ಟದ್ದು.

ಗೊಬ್ಬರ: 19:19:19 ನಿಲ್ಲಿಸಿ. ಹೂ ಬಂದ ಮೇಲೆ ಅಷ್ಟು ಸಾರಜನಕ ಕೊಟ್ಟರೆ ಎಲೆಯೂ ಗಂಡು ಹೂವೂ ಹೆಚ್ಚುತ್ತವೆ, ಜೊತೆಗೆ ಬಿಸಿಲಿನ ಉದ್ದ ಹಗಲು ಸೇರಿದರೆ ಇನ್ನೂ ಹೆಚ್ಚು. ತೊಳೆದ ಒಂದು ವಾರದ ನಂತರ 13:0:45 ಲೀಟರಿಗೆ 2 ಗ್ರಾಂ, ಬ್ಯಾಗಿಗೆ ಒಂದು ಲೀಟರ್, ಹತ್ತು ದಿನಕ್ಕೊಮ್ಮೆ. ಬರೀ ಒಣ ಮಣ್ಣಿಗೆ ಹಾಕಬೇಡಿ, ಮೊದಲು ನೀರು, ಆಮೇಲೆ ಅದು. ಬೋರಿನ ನೀರಿನಲ್ಲಿ ಸುಣ್ಣ ಸಾಕಷ್ಟಿದೆ, ಕ್ಯಾಲ್ಸಿಯಂ ನೈಟ್ರೇಟ್ ಬೇಕಾಗಿಲ್ಲ. ಒಲೆ ಬೂದಿಯೂ ಬೇಡ. ಕ್ಷಾರದ ನೀರಿಗೆ ಕ್ಷಾರದ ಬೂದಿ ಸೇರಿದರೆ ಕಬ್ಬಿಣದಂಶ ಸಿಗದೆ ಹೊಸ ಎಲೆ ನರ ಹಸಿರು, ಉಳಿದದ್ದು ಹಳದಿ ಆಗುತ್ತದೆ.

ಬೋರಾನ್ ಬಗ್ಗೆ: ಕೊರತೆಗೂ ಹೆಚ್ಚಳಕ್ಕೂ ನಡುವಿನ ಅಂತರ ಬಹಳ ಕಮ್ಮಿ. ಹೆಚ್ಚಾದರೆ ಹಳೇ ಎಲೆಯ ಅಂಚೇ ಮೊದಲು ಸುಡುವುದು, ನಿಮ್ಮಲ್ಲಿ ಈಗಾಗಲೇ ಅಂಚು ಸುಟ್ಟಿದೆ. ಈಗ ಹೊಡೆದರೆ ಯಾವುದರಿಂದ ಸುಟ್ಟಿತು ಅಂತ ಆಮೇಲೆ ಯಾರೂ ಹೇಳಲಾರರು.


ಹಿತ್ತಲ ಬಳ್ಳಿ, ಹರಿಹರ

ನೀರಿನ ಲೆಕ್ಕ ಒಪ್ಪಿದೆ ಅಣ್ಣಾ. ಆದ್ರ ಮೊದಲು ಯಾವುದು ಅನ್ನೋದಕ್ಕ ಜಗಳ ಯಾಕ, ಆರು ಬ್ಯಾಗ್ ಅದಾವ. ಎರಡಕ್ಕ ನೀರಷ್ಟೇ ಸರಿ ಮಾಡ್ಲಿ, ಎರಡಕ್ಕ ಕೈ ಪರಾಗ ಅಷ್ಟೇ, ಉಳಿದ ಎರಡಕ್ಕ ಎರಡೂ. ಹತ್ತು ದಿನದಾಗ ದಾರ ಕಟ್ಟಿದ ಮಿಡಿ ಎಷ್ಟು ನಿಂತ್ವು ಎಣಿಸಿದ್ರ ಗೊತ್ತಾಗ್ತೈತಿ.


ಬೋರಿನ ನೀರು, ಜಗಳೂರು

ಮಾಡಬಹುದು. ಆದರೆ ನೀರು ಕೊಡದ ಎರಡು ಬ್ಯಾಗು ಅಷ್ಟರಲ್ಲಿ ಕೈ ಬಿಟ್ಟುಹೋಗುತ್ತವೆ. ಬೆಳೆಯ ಆಸೆ ಇದ್ದರೆ ಆರಕ್ಕೂ ನೀರು ಸರಿಮಾಡಿ, ಪರಾಗವನ್ನು ಮಾತ್ರ ಮೂರಕ್ಕೆ ಮುಟ್ಟಿಸಿ, ಮೂರು ಜೇನಿಗೆ ಬಿಟ್ಟು ನೋಡಿ.


ಕೋಟೆ ಕೆಳಗೆ, ಚಿತ್ರದುರ್ಗ

ಕಹಿ ವಿಚಾರ ಯಾರೂ ಮುಟ್ಟಲಿಲ್ಲ, ಅದನ್ನ ಹೇಳ್ತೀನಿ.

ಅಜ್ಜಿಗೆ ಬೇಜಾರಾಗದ ಹಾಗೆ ಹೇಳಿ: ಹಾಗಲಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಾಗಲದ ಪರಾಗ ಸೌತೆಗೆ ಕಟ್ಟೋದೇ ಇಲ್ಲ. ಬೇರೆ ಸೌತೆ ಜಾತಿಯ ಪರಾಗ ಬಿದ್ದರೂ ಬದಲಾಗೋದು ಒಳಗಿನ ಬೀಜ. ನೀವು ತಿನ್ನೋ ತಿರುಳು ತಾಯಿಬಳ್ಳಿದು, ಅದಕ್ಕೆ ಏನೂ ಆಗಲ್ಲ. ಹಾಗಲ ಇರಲಿ ಬಿಡಿ, ಅದರ ಹೂವಿಗೆ ಬರೋ ಜೇನು ಸೌತೆಗೂ ಬರುತ್ತೆ.

ಸೌತೆ ಜಾತಿಯ ಬಳ್ಳಿಗಳು ಕುಕುರ್ಬಿಟಾಸಿನ್ ಅನ್ನೋ ಕಹಿ ಅಂಶ ಮಾಡ್ಕೊಳ್ತವೆ. ಅದು ಯಾವಾಗಲೂ ಎಲೆ, ಕಾಂಡದಲ್ಲಿ ಇರುತ್ತೆ. ಬಿಸಿಲು ಜಾಸ್ತಿ, ನೀರು ಒಂದಿನ ಇದೆ ಒಂದಿನ ಇಲ್ಲ ಅಂದಾಗ ಕಾಯಿಗೂ ಇಳಿಯುತ್ತೆ, ತೊಟ್ಟಿನ ಕಡೆ ಮತ್ತು ಸಿಪ್ಪೆ ಕೆಳಗೆ ಜಾಸ್ತಿ. ತುದಿ ಕತ್ತರಿಸಿ ನೊರೆ ಬರೋ ಹಾಗೆ ಉಜ್ಜುತ್ತೀವಲ್ಲ, ಅದರಲ್ಲಿ ಲಾಭ ಇರೋದು ಕತ್ತರಿಸೋದರಿಂದ. ತೊಟ್ಟಿನ ಕಡೆ ಒಂದೂವರೆ ಇಂಚು ತೆಗೆದು, ಸಿಪ್ಪೆ ದಪ್ಪಗೆ ಹೆರೆದು, ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಆಗಲೂ ಬಾಯಿ ಒಗರಿ ಕಹಿ ಬಡಿದರೆ ಎಸೆಯಿರಿ, ಉಪ್ಪು ಖಾರ ಹಚ್ಚಿ ತಿನ್ನೋ ಸಾಹಸ ಬೇಡ. ಕಹಿ ಜಾಸ್ತಿ ಇದ್ದರೆ ವಾಂತಿ ಭೇದಿ ಆಗುತ್ತೆ. ಬಳ್ಳಿಯಲ್ಲಿ ಆಗಲೇ ಕಹಿಯಾದ ಕಾಯಿ ಸಿಹಿ ಆಗಲ್ಲ. ನೀರು ಸರಿಹೋದ ಮೇಲೆ ಕಟ್ಟಿದ ಹೊಸ ಕಾಯಿ ನೋಡಬೇಕು. ಅವೂ ಎಲ್ಲಾ ಬಳ್ಳಿಯಲ್ಲೂ ಕಹಿ ಅಂದರೆ ಆ ಬೀಜದ ಗುಣವೇ ಹಾಗೆ, ಮುಂದಿನ ಸಲಕ್ಕೆ ಅದರ ಬೀಜ ಇಡಬೇಡಿ.

ನೆರಳುಬಲೆ ಹಾಕೋದಾದರೆ 35 ಪರ್ಸೆಂಟಿನದು, ಪಡುವಣ ಕಡೆಗೆ ಮತ್ತು ನೆತ್ತಿಗೆ ಮಾತ್ರ. ಅಂಗಡಿಯವರು 75ರದ್ದು ಕೊಡೋಕೆ ನೋಡ್ತಾರೆ, ಅದರಡಿ ಬಳ್ಳಿ ಉದ್ದ ಬೆಳೆದು ಹೂ ಕಮ್ಮಿಯಾಗುತ್ತೆ. ಪಕ್ಕದ ಕಡೆಗಳು ತೆರೆದಿರಲಿ, ಇಲ್ಲಾಂದ್ರೆ ಜೇನು ಒಳಗೆ ಬರಲ್ಲ. ಕಾಮಕಸ್ತೂರಿ, ತುಳಸಿ ಒಂದೆರಡು ಕುಂಡ ಹೂವಿಗೆ ಬಿಡಿ, ಕುಡಿ ಚಿವುಟದೆ.


ಮಾಳಿಗೆ ತೋಟ, ದಾವಣಗೆರೆ

ತುಂಬಾ ಉಪಕಾರ ಆಯ್ತು. ಮಿಡಿ ಸೀಳಿ ನೋಡಿದೆ: ಬಹಳಷ್ಟರಲ್ಲಿ ಹುಳ ಇಲ್ಲ, ಹಳದಿ ಹೂವಿನ ಕಡೆಯಿಂದಲೇ ಬಂದಿದೆ. ಎರಡರಲ್ಲಿ ಮಾತ್ರ ಅಂಟು ಹನಿ, ಒಳಗೆ ಬಿಳಿ ಹುಳ. ಬ್ಯಾಗಿನ ಅಂಚಿಗೆ ಬಿಳಿ ಪೊರೆ ಇದೆ, ಕೈಯಲ್ಲಿ ಉಜ್ಜಿದರೆ ಪುಡಿ ಬರುತ್ತೆ.

ಇನ್ನೆರಡು ಕೇಳ್ತೀನಿ. ಕೆಳಗಿನ ಎಲೆ ಮೇಲೆ ಬಿಳಿ ಹಿಟ್ಟು ಉದುರಿಸಿದ ಹಾಗೆ ಮಚ್ಚೆ ಬಂದಿದೆ, ಅಂಗಡಿಯವರು ಗಂಧಕದ ಪುಡಿ ಕೊಟ್ಟಿದ್ದಾರೆ, ಇನ್ನೂ ಹೊಡೆದಿಲ್ಲ. ಹುಳದ ಎರಡು ಕಾಯಿಯನ್ನ ಗೊಬ್ಬರದ ಡಬ್ಬಕ್ಕೆ ಹಾಕಬಹುದಾ?


ಕೋಟೆ ಕೆಳಗೆ, ಚಿತ್ರದುರ್ಗ

ಹೊಡೆಯದೆ ಒಳ್ಳೇದು ಮಾಡಿದ್ರಿ. ಅದು ಬೂದಿ ರೋಗ, ಗಂಧಕ ಅದಕ್ಕೆ ಸರಿಯಾದ ಔಷಧಿಯೇ. ಆದರೆ 32 ಡಿಗ್ರಿ ಮೇಲಿನ ಬಿಸಿಲಿನಲ್ಲಿ ಸೌತೆ ಎಲೆಯನ್ನ ಸುಡುತ್ತೆ. ನಿಮ್ಮಲ್ಲಿ ಈಗ ದಿನಾ ಅದಕ್ಕಿಂತ ಜಾಸ್ತಿ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗಂತೂ ಗಂಧಕ ಮುಟ್ಟಲೇಬಾರದು, ಎಣ್ಣೆ ಜೊತೆ ಸೇರಿ ಇನ್ನೂ ಸುಡುತ್ತೆ. ಆ ಪೊಟ್ಟಣ ಚಳಿಗಾಲಕ್ಕೆ ಇಟ್ಟುಕೊಳ್ಳಿ, ಆಗ ಲೀಟರಿಗೆ 2 ಗ್ರಾಂ.

ಈಗ ಮಾಡಬೇಕಾದ್ದು: ಬುಡದ ನಾಲ್ಕೈದು ಹಳೇ ಎಲೆ ಕತ್ತರಿಯಲ್ಲಿ ತೆಗೆದು ಚೀಲಕ್ಕೆ ಹಾಕಿ ಹೊರಗೆ ಕಳಿಸಿ. ಒಂದೇ ದಿನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಎಲೆ ತೆಗೀಬೇಡಿ. ಉಳಿದ ಎಲೆಗೆ ಪೊಟ್ಯಾಸಿಯಂ ಬೈಕಾರ್ಬನೇಟ್ ಲೀಟರಿಗೆ 5 ಗ್ರಾಂ, ಎರಡು ಹನಿ ಸೋಪು ಸೇರಿಸಿ ಸಂಜೆ, ವಾರಕ್ಕೊಮ್ಮೆ ಎರಡು ಸಲ. ಮೊದಲು ಒಂದು ಎಲೆಗೆ ಹೊಡೆದು ಎರಡು ದಿನ ನೋಡಿ. ಅಡುಗೆ ಸೋಡಾ ಹಾಕೋ ಸಲಹೆ ಬರುತ್ತೆ, ಅದರಲ್ಲಿ ಸೋಡಿಯಂ. ಉಪ್ಪು ಕಟ್ಟಿದ ಬ್ಯಾಗಿಗೆ ಅದು ಬೇಡ.

ಬೂದಿ ರೋಗವನ್ನ ಡೌನಿ ಅನ್ನೋ ಇನ್ನೊಂದು ಎಲೆ ರೋಗದ ಜೊತೆ ಗೊಂದಲ ಮಾಡ್ಕೋಬೇಡಿ. ಡೌನಿಯಲ್ಲಿ ಎಲೆ ಮೇಲೆ ನರದ ಮಧ್ಯೆ ಮಧ್ಯೆ ಚೌಕ ಚೌಕ ಹಳದಿ, ತಳದಲ್ಲಿ ಕಂದು ನೇರಳೆ ಬೂಜು, ಮಳೆ ಇಬ್ಬನಿ ಕಾಲದ್ದು. ಈಗಿನ ಬಿಸಿಲಿಗೆ ಬರೋದು ನುಸಿ. ಎಲೆ ತಳದಲ್ಲಿ ಜೇಡರ ಬಲೆಯ ಥರ ಸಣ್ಣ ನೂಲು, ಮೇಲೆ ಬಿಳಿ ಚುಕ್ಕಿ ಚುಕ್ಕಿ ಕಂಡರೆ ಬೆಳಗ್ಗೆ ಪೈಪಿನ ನೀರು ರಭಸವಾಗಿ ಎಲೆ ತಳಕ್ಕೆ ಬಿಡಿ, ಮೂರು ದಿನ. ಎಲೆಯಲ್ಲಿ ಹಾವು ಹರಿದ ಹಾಗೆ ಬಿಳಿ ಗೆರೆ ಇದ್ದರೆ ಅದು ರಂಗೋಲಿ ಹುಳು. ಆ ಎಲೆ ಕಿತ್ತು ಹಾಕಿ, ತಲೆ ಕೆಡಿಸ್ಕೋಬೇಡಿ.

ಹುಳದ ಕಾಯಿ ಗೊಬ್ಬರದ ಡಬ್ಬಕ್ಕೆ ಖಂಡಿತಾ ಬೇಡ. ಹುಳ ಕಾಯಿಯಿಂದ ಹೊರಬಿದ್ದು ಮಣ್ಣಿನಲ್ಲಿ ಕೋಶ ಕಟ್ಟಿ ನೊಣ ಆಗೋದು, ನೀವೇ ಸಾಕಿದ ಹಾಗಾಗುತ್ತೆ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಮಾಳಿಗೆ ಬಿಸಿಲಲ್ಲಿ ಒಂದು ವಾರ ಬಿಡಿ, ಆಮೇಲೆ ಕಸದ ಗಾಡಿಗೆ. ಉದುರಿದ ಕಾಯಿ ಬ್ಯಾಗಿನಲ್ಲಿ ಒಂದು ರಾತ್ರಿಯೂ ಇರಬಾರದು. ಮೇಲ್ಮಣ್ಣು ಒಂದಿಂಚು ಮೆಲ್ಲಗೆ ಕೆದಕಿ ಬಿಸಿಲಿಗೆ ಒಡ್ಡಿ, ಬೇರಿಗೆ ತಾಗದ ಹಾಗೆ, ಆಮೇಲೆ ಹುಲ್ಲು ಮುಚ್ಚಿ.

ಕ್ಯೂಲೂರ್ ಬಲೆ (ವಾಸನೆಯಿಂದ ಹಣ್ಣುನೊಣ ಸೆಳೆದು ಹಿಡಿಯೋದು) ಒಂದು ಸಾಕು, ಬಳ್ಳಿಯಿಂದ ನಾಲ್ಕೈದು ಅಡಿ ದೂರ, ಆಳೆತ್ತರಕ್ಕಿಂತ ಸ್ವಲ್ಪ ಕೆಳಗೆ. ಅದಕ್ಕೆ ಬೀಳೋದು ಗಂಡು ನೊಣ ಮಾತ್ರ. ಚುಚ್ಚೋದು ಹೆಣ್ಣು ನೊಣ. ಹಾಗಾಗಿ ಬಲೆ ತುಂಬಿದರೆ ನೊಣ ಓಡಾಡ್ತಿದೆ ಅಂತ ತಿಳೀಬೇಕೇ ಹೊರತು ಬೆಳೆ ಉಳೀತು ಅಂತಲ್ಲ. ಉಳಿಸೋದು ಚೀಲ. ಪರಾಗ ಮುಟ್ಟಿಸಿದ ಮಾರನೇ ದಿನ, ಹೂ ಮುದುಡಿದ ಮೇಲೆ, ಮಿಡಿಗೆ ತೆಳು ಬಟ್ಟೆಯ ಚೀಲ ಹಾಕಿ. ಹಳೇ ಕಾಟನ್ ಸೀರೆ ತುಂಡನ್ನ ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲ ಹೊಲಿದರೆ ಸಾಕು. ಬಾಯಿಗೆ ದಾರ ಸಡಿಲಾಗಿ ಕಟ್ಟಿ. ಪ್ಲಾಸ್ಟಿಕ್ ಹಾಕಿದರೆ ಒಳಗೆ ಬೆವರು ಕೂತು ಕಾಯಿ ಕೊಳೆಯುತ್ತೆ.


ವಾಣಿವಿಲಾಸದ ಕೆಳಗೆ, ಹಿರಿಯೂರು

ಎಲ್ಲಾ ಹೇಳಿಯಾಯ್ತು, ಎರಡು ಸೇರಿಸ್ತೀನಿ.

ಒಂದು, ಕೊಯ್ಲು. ಹೂ ಅರಳಿದ ದಿನದಿಂದ ಎಂಟು ಹತ್ತು ದಿನಕ್ಕೆ ಕಾಯಿ ಕೀಳೋ ಹಾಗಿರುತ್ತೆ, ಎಳಸಾಗೇ ಕಿತ್ತು ಬಿಡಿ. ದಿನ ಬಿಟ್ಟು ದಿನ ನೋಡಬೇಕು. ಎಲೆ ಮರೆಯಲ್ಲಿ ಒಂದು ಕಾಯಿ ಬಲಿತು ಹಳದಿಯಾಗ್ತಿದೆ ಅಂದರೆ ಬಳ್ಳಿ ಕಸುವೆಲ್ಲ ಅದರ ಬೀಜಕ್ಕೆ ಹಾಕಿ ಮೇಲಿನ ಮಿಡಿ ಉದುರಿಸುತ್ತೆ. ಪರಾಗ, ನೀರು ಎರಡೂ ಸರಿಯಿದ್ದೂ ಮಿಡಿ ಉದುರೋದಕ್ಕೆ ಇದೇ ದೊಡ್ಡ ಕಾರಣ. ನಿಮ್ಮ ಸೊಟ್ಟ ಕಹಿ ಕಾಯಿಗಳು ಇನ್ನೂ ಬಳ್ಳಿಯಲ್ಲೇ ನೇತಾಡ್ತಿದ್ದರೆ ಇವತ್ತೇ ಕತ್ತರಿಸಿ. ತಿರುಚಿ ಎಳೀಬೇಡಿ, ಕತ್ತರಿಯಲ್ಲಿ ಕಾಲಿಂಚು ತೊಟ್ಟು ಬಿಟ್ಟು. ಚೆನ್ನಾಗಿರೋ ಬಳ್ಳಿಯೂ ಎಲ್ಲಾ ಮಿಡಿ ಸಾಕಲ್ಲ, ಕೆಲವನ್ನ ತಾನೇ ಬಿಡುತ್ತೆ. ಹತ್ತರಲ್ಲಿ ಮೂರು ನಾಲ್ಕು ಹೋದರೆ ಅದಕ್ಕೆ ಔಷಧಿ ಇಲ್ಲ.

ಇನ್ನೊಂದು, ಮುಂದಿನ ಬಿತ್ತನೆ. ಈ ಬೆಳೆ ಏಪ್ರಿಲ್ ಮಧ್ಯಕ್ಕೆ ಸೊರಗುತ್ತೆ, ಎಳೆದಾಡಬೇಡಿ. ನಮ್ಮ ಕಡೆಗೆ ಜೂನ್ ತಿಂಗಳ ಮಳೆ ಬಿದ್ದ ಮೇಲೆ ಬಿತ್ತಿದರೆ ನೀರಿನ ತಾಪತ್ರಯ ಅರ್ಧಕ್ಕಿಳಿಯುತ್ತೆ, ಉಪ್ಪೂ ಮಳೆಗೆ ತೊಳೆಯುತ್ತೆ. ಆಷಾಢದ ಗಾಳಿಗೆ ಮಾತ್ರ ತಯಾರಿರಬೇಕು. ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಬಲೆಯನ್ನ ಮಾಳಿಗೆ ಗೋಡೆಯ ಕಡೆಗೆ ಕಟ್ಟಿ, ಬಳ್ಳಿಯನ್ನ ಒಂದಡಿಗೊಂದು ಕಡೆ ಬಟ್ಟೆ ಪಟ್ಟಿಯಲ್ಲಿ ಎಂಟರ ಆಕಾರಕ್ಕೆ ಕಟ್ಟಿ. ಸುತಲಿ ಕಾಂಡ ಕುಯ್ಯುತ್ತೆ.

ಬ್ಯಾಗು 18×18 ತಗೊಳ್ಳಿ, ಇಲ್ಲ ಹಳೇ 50 ಲೀಟರಿನ ಡ್ರಮ್ಮಿಗೆ ಬುಡದಲ್ಲಿ ಆರೆಂಟು ತೂತು ಹೊಡೆದುಕೊಳ್ಳಿ. ಮಣ್ಣಿಗೆ ಬ್ಯಾಗೊಂದಕ್ಕೆ ಬೇವಿನ ಹಿಂಡಿ 100 ಗ್ರಾಂ ಬೆರೆಸಿ ನೀರು ಹಾಕಿ ಹದಿನೈದು ದಿನ ಹಳಸಲು ಬಿಟ್ಟು ಆಮೇಲೆ ಬಿತ್ತಿ. ಹಿಂಡಿ ಹಸಿಯಾಗಿದ್ದಾಗಲೇ ಬಿತ್ತಿದರೆ ಬಿಸಿಗೆ ಮೊಳಕೆ ಸಾಯುತ್ತೆ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಶೇಂಗಾ ಹಿಂಡಿ ನಮ್ಮ ಕಡೆ ಸುಲಭಕ್ಕೆ ಸಿಗುತ್ತೆ, ಅದರಲ್ಲಿ ಸಾರಜನಕ 7 ಪರ್ಸೆಂಟ್ ಹತ್ತಿರ. ಬಳ್ಳಿ ಎರಡಡಿ ಆಗೋವರೆಗೆ ಒಳ್ಳೇದು, 100 ಗ್ರಾಂ ಒಂದು ಲೀಟರಿನಲ್ಲಿ ಮೂರು ದಿನ ನೆನೆಸಿ ಹತ್ತರಷ್ಟು ನೀರು ಬೆರೆಸಿ. ಹೂ ಕಂಡಮೇಲೆ ನಿಲ್ಲಿಸಿ. ವಾಸನೆ ಬಗ್ಗೆ ಕೆಳಗಿನ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿ.

ಬೀಜ: ದೆಹಲಿಯ ಪೂಸಾ ಸಂಸ್ಥೆಯ ಪೂಸಾ ಉದಯ್ ಮನೆತೋಟಕ್ಕೆ ಚೆನ್ನಾಗಿದೆ, ಕಾಯಿ ತಿಳಿ ಹಸಿರು, ಒಂದು ಗೇಣಿಗಿಂತ ಚಿಕ್ಕದು. ಪರಾಗದ ಗೋಜೇ ಬೇಡ ಅಂದರೆ ಪಾರ್ಥೆನೋಕಾರ್ಪಿಕ್ ಅಂತ ಬರೆದಿರೋ ಬೀಜ ಬರುತ್ತೆ, ಪಾಲಿಹೌಸಿನವರು ಹಾಕೋದು. ಪರಾಗ ಇಲ್ಲದೇ ಕಾಯಿ ಕಟ್ಟುತ್ತೆ, ಆದರೆ ಬೀಜದ ಬೆಲೆ ಕಾಳಿನ ಲೆಕ್ಕದಲ್ಲಿ, ಮತ್ತು ನೀರು ತಪ್ಪಿದರೆ ಅದೂ ಉದುರಿಸುತ್ತೆ. ಪೊಟ್ಟಣದ ಮೇಲೆ ಗೈನೋಸಿಯಸ್ ಅಂತಷ್ಟೇ ಇದ್ದರೆ ಅದು ಬೇರೆ. ಹೆಣ್ಣು ಹೂ ಮಾತ್ರ ಬಿಡುತ್ತೆ, ಪರಾಗಕ್ಕೆ ಪಕ್ಕದಲ್ಲಿ ಸಾಮಾನ್ಯ ಬಳ್ಳಿ ಒಂದು ಬೇಕೇ ಬೇಕು. ಎರಡನ್ನೂ ಒಂದೇ ಅಂತ ಮಾರೋರು ಇದ್ದಾರೆ.

ಬೀಜ ಮುಕ್ಕಾಲು ಇಂಚು ಆಳಕ್ಕೆ, ಬ್ಯಾಗಿಗೆ ಮೂರು. ಐದಾರು ದಿನಕ್ಕೆ ಮೊಳಕೆ. ಎರಡು ಎಲೆ ಬಂದಾಗ ಒಂದನ್ನ ಉಳಿಸಿ. ಅಲ್ಲೀವರೆಗೆ ಹಳೇ ಸೊಳ್ಳೆಪರದೆ ಮುಚ್ಚಿಡಿ, ಇಲ್ಲಾಂದ್ರೆ ಕೆಂಪು ದುಂಬಿ ಬೀಜದೆಲೆಯನ್ನೇ ಜಾಲರಿ ಮಾಡುತ್ತೆ. ಹೂ ಬರೋ ಹೊತ್ತಿಗೆ ಪರದೆ ತೆಗೀರಿ. ನೀರು ಒಂದು ಬಾಟಲಿ ಪರೀಕ್ಷೆ ಮಾಡಿಸ್ಕೊಂಡರೆ ಒಳ್ಳೇದು, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ.


ಮಾಳಿಗೆ ತೋಟ, ದಾವಣಗೆರೆ

ಎಲ್ಲಾ ಬರೆದಿಟ್ಟುಕೊಂಡೆ. ಕೊನೆಯದು ಒಂದೇ: ಎರಡು ಬಳ್ಳಿಯಲ್ಲಿ ಯಾವುದನ್ನ ತೆಗೀಲಿ, ಹೇಗೆ? ಬೇರು ಹೆಣೆದುಕೊಂಡಿದೆ, ಬಲೆಯಲ್ಲಿ ಕುಡಿಬಳ್ಳಿಯೂ ಸಿಕ್ಕಿಹಾಕ್ಕೊಂಡಿದೆ.


ಬೋರಿನ ನೀರು, ಜಗಳೂರು

ಎತ್ತರ ನೋಡಬೇಡಿ. ಗಿಣ್ಣಿನ ಅಂತರ ಕಮ್ಮಿ ಇದ್ದು, ಪಕ್ಕದ ಕವಲಿನಲ್ಲಿ ಹೆಣ್ಣು ಮೊಗ್ಗು ಹೆಚ್ಚಿರುವುದನ್ನು ಉಳಿಸಿ. ಎಲೆ ಸುಕ್ಕಾಗಿ ಹಸಿರು ಹಳದಿ ಮಚ್ಚೆ ಬಿದ್ದ ಬಳ್ಳಿ ಇದ್ದರೆ ಅದು ನಂಜು ರೋಗ, ಮೊದಲು ಹೋಗಬೇಕಾದ್ದು ಅದೇ. ಅದನ್ನು ಮುಟ್ಟಿದ ಕತ್ತರಿಯನ್ನು ಸೋಪಿನಲ್ಲಿ ತೊಳೆಯದೆ ಇನ್ನೊಂದಕ್ಕೆ ಹಚ್ಚಬೇಡಿ.

ಸಂಜೆ ಹೊತ್ತು, ನೀರು ಹಾಕಿದ ಮೇಲೆ, ಮಣ್ಣಿನ ಮಟ್ಟಕ್ಕೆ ಕಾಂಡ ಕತ್ತರಿಸಿ. ಕೀಳಬೇಡಿ. ಕಿತ್ತರೆ ಉಳಿದದ್ದರ ಬೇರೂ ಹರಿದು ಮಾರನೇ ಮಧ್ಯಾಹ್ನಕ್ಕೆ ಅದೂ ಬಾಡುತ್ತದೆ. ಮೇಲಿನ ಬಳ್ಳಿಯನ್ನು ಬಲೆಯಿಂದ ಅವತ್ತೇ ಬಿಡಿಸಲು ಹೋಗಬೇಡಿ. ಎರಡು ದಿನ ಬಿಡಿ, ಒಣಗಿ ಗರಿಗರಿ ಆದಮೇಲೆ ತುಂಡು ತುಂಡು ಮಾಡಿದರೆ ಕುಡಿಬಳ್ಳಿ ತಾನೇ ಬಿಟ್ಟುಕೊಡುತ್ತದೆ.